ಸೆಲ್ಫ್ ಹೊಡೆಯೋದು ನಿಲ್ಲಿಸಿ, ಮೊದಲು ನೋಡಿ

ಗಂಗೊಳ್ಳಿಯ ಅಳಿವೆ ನೋಡಿದವರಿಗೆ ಗೊತ್ತಿರುತ್ತೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಅಂತ ಐದು ಹೊಳೆಗಳ ನೀರು ಒಟ್ಟಾಗಿ ಅಲ್ಲಿ ಕಡಲು ಸೇರುತ್ತೆ. ಮಳೆಗಾಲ ಪೂರ್ತಿ ಮುಗಿದಿರದ ಆಗಸ್ಟ್ ತಿಂಗಳಲ್ಲಿ ಒಳಗಿನಿಂದ ಹೊಳೆಯ ನೀರು ದೂಡುತ್ತೆ, ಹೊರಗಿನಿಂದ ತೆರೆ ದೂಡುತ್ತೆ, ಪಕ್ಕದಲ್ಲಿ ಬ್ರೇಕ್ ವಾಟರಿನ ಕಲ್ಲು. ಅಲ್ಲಿ ಬೋಟಿನ ಎಂಜಿನ್ ನಿಲ್ಲಬಾರದು. ಬೇರೆ ಎಲ್ಲಿ ಬೇಕಾದರೂ ನಿಲ್ಲಲಿ, ಅಲ್ಲಿ ನಿಲ್ಲಬಾರದು.

ಕೆಲವು ವರ್ಷಗಳ ಹಿಂದೆ ನಮ್ಮ ಮಾವನ ಟ್ರಾಲ್ ಬೋಟು ಸರಿಯಾಗಿ ಅಲ್ಲೇ ನಿಂತಿತು. ಸಮುದ್ರ ಪೂಜೆ ಮುಗಿದು ಆ ವರ್ಷ ಮೊದಲ ಸಲ ಕಡಲಿಗೆ ಇಳಿದ ದಿನ. ಬೆಳಗಿನ ಐದೂವರೆ ಇರಬೇಕು, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಜಟ್ಟಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆದ ಎಂಜಿನ್, ಇಪ್ಪತ್ತು ನಿಮಿಷ ಏನೂ ತಕರಾರಿಲ್ಲದೆ ಓಡಿದ ಎಂಜಿನ್, ಅಳಿವೆ ಬಾಗಿಲಲ್ಲಿ ತೆರೆಗೆ ಎದುರಾಗಿ ಎಕ್ಸಲರೇಟರ್ ಕೊಟ್ಟ ಕೂಡಲೇ ಎರಡು ಸಲ ಉಸಿರು ಎಳೆದ ಹಾಗೆ ಮಾಡಿ ನಿಂತುಬಿಟ್ಟಿತು. ಚುಕ್ಕಾಣಿಯಲ್ಲಿದ್ದ ಭಾವ, ಅಂದರೆ ಮಾವನ ಮಗ, ಸೆಲ್ಫ್ ಹೊಡೆದ. ಹಿಡಿಯಲಿಲ್ಲ. ಮತ್ತೆ ಹೊಡೆದ. ಮತ್ತೆ. ಮತ್ತೆ. ನಾನು ಲೆಕ್ಕ ಇಟ್ಟಿದ್ದೆ ಅಂತಲ್ಲ, ಆದರೆ ಹನ್ನೆರಡು ಸಲಕ್ಕಂತೂ ಕಡಿಮೆ ಇರಲಿಲ್ಲ. ಮೊದಲು ಗಟ್ಟಿಯಾಗಿ ತಿರುಗುತ್ತಿದ್ದದ್ದು ಆಮೇಲೆ ಮುದುಕರು ಮೆಟ್ಟಿಲು ಹತ್ತಿದ ಹಾಗೆ ತಿರುಗತೊಡಗಿತು, ಕೊನೆಗೆ ಬರೀ ಟಿಕ್ ಟಿಕ್.

ಹಿಂದೆ ಇದ್ದ ಮಾವ ಓಡಿ ಬಂದು ಕೂಗಿದ್ದು ಇಷ್ಟು: "ಸಾಕ್ ಮಾರಾಯಾ, ನಿಲ್ಸ್! ಮೊದ್ಲ್ ಲಂಗರ್ ಹಾಕಿ!"

ಲಂಗರು ಕಚ್ಚಿತು. ಕಲ್ಲಿಗೂ ನಮಗೂ ನಡುವೆ ಉಳಿದದ್ದು ಎರಡು ಬೋಟಿನ ಉದ್ದವೂ ಇರಲಿಲ್ಲ. ನಮ್ಮ ಹಿಂದೆ ಬರುತ್ತಿದ್ದ ಬೋಟಿನವರು ಹಗ್ಗ ಎಸೆದು ವಾಪಸ್ ಜಟ್ಟಿಗೆ ಎಳೆದು ತಂದರು. ಅವರ ಆ ದಿನದ ಮೊದಲ ಬಲೆಯೂ ತಡವಾಯಿತು. ಬೋಟಿನಲ್ಲಿದ್ದ ನಾವು ಏಳು ಜನ ಮನೆಗೆ ಬಂದು ಗಂಜಿ ಉಂಡೆವು, ಅದೇ ದೊಡ್ಡದು.

ಇದನ್ನು ಈಗ ಬರೆಯಲು ಕಾರಣ ಇದೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ, ಒಟ್ಟು 61 ದಿನ. ಪ್ರತಿ ವರ್ಷ ಆಗಸ್ಟಿನಲ್ಲಿ ಊರಿಗೆ ಫೋನ್ ಮಾಡಿದಾಗ ಒಂದಾದರೂ ಇಂಥ ಸುದ್ದಿ ಕೇಳುತ್ತೇನೆ. ಕೇಳಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಎಂಜಿನ್ ಸ್ಟಾರ್ಟ್ ಆಗದಿರುವುದು ದೊಡ್ಡ ಸಮಸ್ಯೆ ಅಲ್ಲವೇ ಅಲ್ಲ. ಸ್ಟಾರ್ಟ್ ಆಗದಿದ್ದಾಗ ನಾವು ಮಾಡುವ ಮೊದಲ ಕೆಲಸವೇ ದೊಡ್ಡ ಸಮಸ್ಯೆ. ಆ ಮೊದಲ ಕೆಲಸ ಯಾವುದು? ಮತ್ತೊಮ್ಮೆ ಸೆಲ್ಫ್ ಹೊಡೆಯೋದು!

ನಗಬೇಡಿ, ನಾವೂ ಇದನ್ನೇ ಮಾಡುತ್ತೇವೆ. ಕಂಪ್ಯೂಟರ್ ಹ್ಯಾಂಗ್ ಆದಾಗ ಎಂಟರ್ ಕೀ ಹತ್ತು ಸಲ ಒತ್ತುತ್ತೇವೆ. ಲಿಫ್ಟ್ ಬರದಿದ್ದರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತೇವೆ. ಆದರೆ ಎಂಟರ್ ಕೀ ಒತ್ತಿದರೆ ಏನೂ ಖರ್ಚಾಗುವುದಿಲ್ಲ :) ಬೋಟಿನಲ್ಲಿ ಒಂದೊಂದು ಸಲ ಸೆಲ್ಫ್ ಹೊಡೆದಾಗಲೂ ಬ್ಯಾಟರಿ ಇಳಿಯುತ್ತೆ. ಕಡಲ ಮಧ್ಯೆ ಬ್ಯಾಟರಿ ಅಂದರೆ ಎಂಜಿನ್ ಮಾತ್ರ ಅಲ್ಲ. ವೈರ್‌ಲೆಸ್ ಅದರಲ್ಲೇ, ಜಿಪಿಎಸ್ ಅದರಲ್ಲೇ, ರಾತ್ರಿ ಬೇರೆ ಬೋಟಿನವರಿಗೆ ನಾವು ಕಾಣಬೇಕಾದ ದೀಪವೂ ಅದರಲ್ಲೇ.

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನ ಹಾಗೆ ಕಿಡಿ ಹೊಡೆಯುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಹದಿನಾರರಿಂದ ಇಪ್ಪತ್ತು ಪಟ್ಟು ಒತ್ತುತ್ತೆ. ಸೈಕಲ್ ಪಂಪ್ ಜೋರಾಗಿ ಹೊಡೆದಾಗ ಅದರ ತುದಿ ಬಿಸಿಯಾಗುತ್ತದಲ್ಲ, ಹಾಗೆ ಒತ್ತಿದ ಗಾಳಿ 500 ಡಿಗ್ರಿ ದಾಟಿ ಬಿಸಿಯಾಗುತ್ತೆ. ಆ ಹೊತ್ತಿಗೆ ಸರಿಯಾಗಿ ನಾಝಲ್ ಸಣ್ಣ ಹನಿಗಳಾಗಿ ಡೀಸೆಲ್ ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. (ಪಾಪ, ಆ ಮನುಷ್ಯ 1913ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಕಾಲುವೆ ದಾಟುತ್ತಿದ್ದ ಹಡಗಿನಿಂದಲೇ ಕಾಣೆಯಾದ. ಅವನ ಎಂಜಿನ್ ಮಾತ್ರ ಇವತ್ತಿಗೂ ಎಲ್ಲ ಬೋಟಿನಲ್ಲಿದೆ.)

ಅಂದರೆ ಎಂಜಿನ್ ಹಿಡಿಯಲು ಬೇಕಾದ್ದು ಮೂರೇ. ಸಾಕಷ್ಟು ಜೋರಾಗಿ ತಿರುಗಬೇಕು, ಗಾಳಿ ಬೇಕು, ಗಾಳಿ ಬೆರೆಯದ ಡೀಸೆಲ್ ಬೇಕು. ನಿಧಾನ ತಿರುಗಿದರೆ ಒತ್ತಿದ ಗಾಳಿಯ ಬಿಸಿಯೆಲ್ಲ ತಣ್ಣಗಿನ ಕಬ್ಬಿಣಕ್ಕೆ ಹೋಗುತ್ತೆ, ಒಂದಷ್ಟು ಗಾಳಿ ರಿಂಗಿನ ಸಂದಿಯಲ್ಲಿ ಸೋರಿಯೂ ಹೋಗುತ್ತೆ, ಡೀಸೆಲ್ ಹೊತ್ತುವುದಿಲ್ಲ. ಈಗ ಯೋಚಿಸಿ. ಹನ್ನೆರಡು ಸಲ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಿದ ಮೇಲೆ, ಮೊದಲಿನ ದೋಷ ಸರಿ ಮಾಡಿದರೂ ಎಂಜಿನ್ ಹಿಡಿಯೋದಿಲ್ಲ. ಒಂದು ದೋಷ ಇದ್ದದ್ದನ್ನು ನಾವೇ ಕೈಯಾರೆ ಎರಡು ಮಾಡಿರುತ್ತೇವೆ.

ಹಾಗಾದರೆ ಏನು ಮಾಡಬೇಕು? ನಾನು ಮೆಕ್ಯಾನಿಕ್ ಅಲ್ಲ. ಆ ದಿನದ ನಂತರ ನಾಚಿಕೆಯಿಂದ ಮೆಕ್ಯಾನಿಕ್ ಬಳಿ ಕೂತು ಕಲಿತವನು. ಕಲಿತದ್ದರಲ್ಲಿ ಮುಖ್ಯವಾದ್ದು ಹೇಳುತ್ತೇನೆ. ಕಡಲಲ್ಲಿದ್ದರೆ ಮೊದಲು ಲಂಗರು, ಆಳ ಹೆಚ್ಚಿದ್ದರೆ ವೈರ್‌ಲೆಸ್ಸಿನಲ್ಲಿ ಪಕ್ಕದ ಬೋಟಿಗೆ ಒಂದು ಮಾತು. ನಿಜಕ್ಕೂ ಅಪಾಯ ಅನ್ನಿಸಿದರೆ ವಿಎಚ್‌ಎಫ್ 16ನೇ ಚಾನೆಲ್, ಫೋನ್ ಸಿಗುವ ಜಾಗವಾದರೆ ಕೋಸ್ಟ್ ಗಾರ್ಡಿನ 1554. ಆಮೇಲೆ ಒಂದೇ ಒಂದು ಸಲ ಸೆಲ್ಫ್ ಹೊಡೆದು, ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚಲ್ಲ, ಕಿವಿ ಕೊಟ್ಟು ಕೇಳಬೇಕು. ಎಂಜಿನ್ ತಿರುಗುತ್ತಲೇ ಇಲ್ಲವೋ, ನಿಧಾನ ತಿರುಗುತ್ತಿದೆಯೋ, ಜೋರಾಗಿ ತಿರುಗಿಯೂ ಹಿಡಿಯುತ್ತಿಲ್ಲವೋ? ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಯಾಕೆಂದರೆ ಮೂರಕ್ಕೂ ಹುಡುಕುವ ಜಾಗ ಬೇರೆ ಬೇರೆ.

ತಿರುಗುತ್ತಲೇ ಇಲ್ಲ. ಆಗ ಡೀಸೆಲ್ ಪೈಪು ಬಿಚ್ಚಬೇಡಿ, ಅಲ್ಲಿ ಏನೂ ಇಲ್ಲ. ಬ್ಯಾಟರಿಯ ಮೇನ್ ಸ್ವಿಚ್ ಆನ್ ಇದೆಯಾ? ಗೇರು ನ್ಯೂಟ್ರಲ್ ಇದೆಯಾ? ಕೆಲವು ಬೋಟುಗಳಲ್ಲಿ ಗೇರು ಹಾಕಿದ್ದರೆ ಸೆಲ್ಫ್ ಹೊಡೆಯದಂತೆ ಸ್ವಿಚ್ ಇರುತ್ತೆ. ಬ್ಯಾಟರಿ ಟರ್ಮಿನಲ್ ಕೈಯಲ್ಲಿ ಅಲುಗುತ್ತಿದೆಯಾ, ಬಿಳಿ ಹಸಿರು ಪುಡಿ ಕಟ್ಟಿದೆಯಾ? ಉಪ್ಪುಗಾಳಿಯಲ್ಲಿ ಅದು ಕಟ್ಟದೇ ಇರುವುದೇ ಇಲ್ಲ. ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಎಂಜಿನ್ ಬಾಡಿಗೆ ಹೋಗುವ ಅರ್ಥ್ ವೈರನ್ನೂ ನೋಡಿ, ಎಲ್ಲರೂ ಮರೆಯುವುದು ಅದನ್ನೇ.

ಇಲ್ಲಿ ಒಂದು ಎಚ್ಚರಿಕೆ. ಸೆಲ್ಫ್ ಹೊಡೆದಾಗ "ಟಕ್" ಅಂತ ಗೋಡೆಗೆ ಹೊಡೆದ ಹಾಗೆ ನಿಂತರೆ, ಬ್ಯಾಟರಿ ಚೆನ್ನಾಗಿದ್ದೂ ಹಾಗಾದರೆ, ಸಿಲಿಂಡರಿನೊಳಗೆ ನೀರು ಸೇರಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಯಬೇಕು, ಅವರು ನಾಝಲ್ ತೆಗೆದು ಕೈಯಲ್ಲಿ ನಿಧಾನ ತಿರುಗಿಸಿ ನೀರು ಹೊರಹಾಕುತ್ತಾರೆ. ತಂಪು ಮಾಡಿದ ಕಡಲ ನೀರನ್ನು ಹೊಗೆಯ ಜೊತೆ ಸೇರಿಸಿ ಹೊರಗೆ ಬಿಡುವ ಬೋಟುಗಳಿವೆಯಲ್ಲ, ಅವುಗಳಲ್ಲಿ ಇದು ಹೆಚ್ಚು. ಎಂಜಿನ್ ಹಿಡಿಯದೆ ಬರೀ ಸೆಲ್ಫ್ ಹೊಡೆಯುತ್ತಾ ಇದ್ದರೆ ಪಂಪು ನೀರು ತಳ್ಳುತ್ತಲೇ ಇರುತ್ತೆ, ಅದನ್ನು ಹೊರಗೆ ದೂಡುವ ಹೊಗೆ ಇರುವುದಿಲ್ಲ. ಆ ನೀರು ಸೈಲೆನ್ಸರ್ ತುಂಬಿ ಹಿಂದಕ್ಕೆ ಸಿಲಿಂಡರಿಗೇ ಬರುತ್ತೆ. ಅಂಥ ಬೋಟಿನಲ್ಲಿ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಲೇಬೇಕಾಗಿ ಬಂದರೆ ಕಡಲ ನೀರಿನ ವಾಲ್ವ್ ಮುಚ್ಚಬೇಕು, ಎಂಜಿನ್ ಹಿಡಿದ ಕೂಡಲೇ ತೆರೆಯಬೇಕು.

ನಿಧಾನ ತಿರುಗುತ್ತಿದೆ. ಇದು ಹತ್ತರಲ್ಲಿ ಒಂಬತ್ತು ಸಲ ಕರೆಂಟಿನ ವಿಷಯ ಅಂತ ನನ್ನ ಅನುಭವ. ನೂರಿನ್ನೂರು ರೂಪಾಯಿಗೆ ಸಿಗುವ ಸಣ್ಣ ಮೀಟರು ಬೋಟಿನಲ್ಲಿ ಇದ್ದರೆ ಊಹೆ ಮಾಡುವುದೇ ಬೇಡ. ಸುಮ್ಮನೆ ಇಟ್ಟ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ 12.6 ತೋರಿಸುತ್ತೆ. 12.2 ಇದ್ದರೆ ಹೆಚ್ಚುಕಮ್ಮಿ ಅರ್ಧ. 12ಕ್ಕಿಂತ ಕೆಳಗಿದ್ದರೆ ಅದರ ಮೇಲೆ ಭರವಸೆ ಇಡಬೇಡಿ. 24 ವೋಲ್ಟಿನ ಬೋಟಾದರೆ ಇದರ ಎರಡು ಪಟ್ಟು ಲೆಕ್ಕ. ಬ್ಯಾಟರಿ ಚೆನ್ನಾಗಿದ್ದು ಸೆಲ್ಫ್ ಹೊಡೆಯುವಾಗ ಮಾತ್ರ ಒಂಬತ್ತೂವರೆಗಿಂತ ಕೆಳಗೆ ಬೀಳುತ್ತಿದ್ದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಸೆಲ್ಫ್ ಮೋಟಾರೇ ಹಿಡಿದುಕೊಂಡಿದೆ. ಬ್ಯಾಟರಿಯಲ್ಲಿ ವೋಲ್ಟ್ ಇದ್ದು ಸೆಲ್ಫ್ ಮೋಟಾರಿನ ಹತ್ತಿರ ಇಲ್ಲದಿದ್ದರೆ ನಡುವಿನ ಕೇಬಲ್ಲೋ ಟರ್ಮಿನಲ್ಲೋ ತಿಂದುಹಾಕುತ್ತಿದೆ. ಒಂದು ಸಲ ಹೊಡೆದ ಮೇಲೆ ಎರಡು ನಿಮಿಷವಾದರೂ ಬಿಡಿ. ಸೆಲ್ಫ್ ಮೋಟಾರ್ ಬಿಸಿಯಾಗಿ ಸುಟ್ಟುಹೋಗೋದು ನಮ್ಮ ಅವಸರಕ್ಕೇ.

ಜೋರಾಗಿ ತಿರುಗುತ್ತೆ, ಹಿಡಿಯುವುದಿಲ್ಲ. ಈಗ ಸೈಲೆನ್ಸರ್ ಪೈಪಿನ ಬಾಯಿ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಹೊತ್ತುತ್ತಿಲ್ಲ ಅಂತ ಅರ್ಥ. ಹೀಟರ್ ಪ್ಲಗ್ ಇರುವ ಎಂಜಿನ್ನಾದರೆ ಅದು ಬಿಸಿಯಾಗುತ್ತಿಲ್ಲವೇನೋ, ಹಳೆಯದಾದರೆ ಕಂಪ್ರೆಶನ್ ಹೋಗಿದೆಯೇನೋ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಅಲ್ಲಿವರೆಗೆ ಬಂದೇ ಇಲ್ಲ. ಆಗ ಟ್ಯಾಂಕಿನಿಂದ ಶುರು ಮಾಡಿ ಎಂಜಿನ್ ಕಡೆಗೆ ಒಂದೊಂದೇ ಹೆಜ್ಜೆ ನಡೆಯಬೇಕು. ನಡುವಿನಿಂದ ಶುರು ಮಾಡಬಾರದು. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ಕಾಕ್ ತೆರೆದಿದೆಯಾ? ನಿನ್ನೆ ಎಂಜಿನ್ ನಿಲ್ಲಿಸಲು ಎಳೆದ ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯಾ? (ನಗಬೇಡಿ, ಇದಕ್ಕೋಸ್ಕರ ಮೆಕ್ಯಾನಿಕ್ ಬಂದು ಕೇಬಲ್ ಒಳಗೆ ತಳ್ಳಿ ಇನ್ನೂರು ರೂಪಾಯಿ ತಗೊಂಡು ಹೋಗಿದ್ದನ್ನು ನೋಡಿದ್ದೇನೆ.) ಮಳೆನೀರು ಹೋಗಬಾರದು ಅಂತ ಗಾಳಿ ಫಿಲ್ಟರಿಗೂ ಸೈಲೆನ್ಸರಿಗೂ ಕಟ್ಟಿದ್ದ ಪ್ಲಾಸ್ಟಿಕ್ ಬಿಚ್ಚಿದ್ದೀರಾ?

ಇವೆಲ್ಲ ಸರಿ ಇದ್ದರೆ ಉಳಿಯೋದು ಎರಡು, ಕಟ್ಟಿಕೊಂಡ ಫಿಲ್ಟರ್ ಮತ್ತು ಏರ್. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದರೆ ಪಂಪು ಆ ಗಾಳಿಯನ್ನು ಒತ್ತುತ್ತೆ, ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗುತ್ತೆ ಹಿಗ್ಗುತ್ತೆ, ನಾಝಲ್ ತೆರೆಯುವುದೇ ಇಲ್ಲ. ಏರ್ ತೆಗೆಯುವುದು ಏನೂ ಬ್ರಹ್ಮವಿದ್ಯೆ ಅಲ್ಲ. ಫಿಲ್ಟರಿನ ಮೇಲಿನ ಸಣ್ಣ ಬೋಲ್ಟ್ ಸಡಿಲ ಮಾಡಿ, ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಬರೀ ಡೀಸೆಲ್ ಬರುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಬೇಕು. ಆಮೇಲೆ ದೊಡ್ಡ ಪಂಪಿನ ಬೋಲ್ಟ್, ಅದೇ ಕ್ರಮ. ಅಷ್ಟರಲ್ಲೂ ಹಿಡಿಯದಿದ್ದರೆ ನಾಝಲಿಗೆ ಹೋಗುವ ಪೈಪಿನ ನಟ್ಟು ಅರ್ಧ ಸುತ್ತು ಸಡಿಲ ಮಾಡಿ, ಸೆಲ್ಫ್ ಹೊಡೆದು, ಡೀಸೆಲ್ ಬಂದ ಮೇಲೆ ಬಿಗಿ ಮಾಡುವುದು. ಅಲ್ಲಿ ಮಾತ್ರ ಕೈ ಅಡ್ಡ ಇಡಬಾರದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳೇ ಹೋಗಬಹುದು. ಕೈ ಲಿವರ್ ಒತ್ತಿದರೆ ಸಡಿಲವಾಗಿ ಆಡುತ್ತಿದೆ, ಏನೂ ಬರುತ್ತಿಲ್ಲ ಅಂತಾದರೆ ಪಂಪ್ ಹಾಳಾಗಿದೆ ಅಂದುಕೊಳ್ಳಬೇಡಿ. ಒಳಗಿನ ಕ್ಯಾಮ್ ಅದನ್ನು ಎತ್ತಿ ಹಿಡಿದಿರುತ್ತೆ. ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ.

ಈಗ ನಮ್ಮ ಬೋಟಿಗೆ ಆ ದಿನ ಆದದ್ದೇನು ಅಂತ ಹೇಳಲೇಬೇಕು. ಹೇಳಲು ಮನಸ್ಸಿಲ್ಲ, ಆದರೂ.

ಜಟ್ಟಿಗೆ ಬರುವವರೆಗೆ ನಾವೆಲ್ಲ ಮೆಕ್ಯಾನಿಕ್ಕಿಗೆ ಬೈದಿದ್ದೇ ಬೈದಿದ್ದು. ಜುಲೈನಲ್ಲಿ ಸರ್ವಿಸ್ ಮಾಡಿದವರು ಅವರೇ. ಅವರು ಬಂದರು, ಯಾರ ಮಾತಿಗೂ ಉತ್ತರ ಕೊಡಲಿಲ್ಲ, ಟಾರ್ಚ್ ಹಿಡಿದು ಟ್ಯಾಂಕಿನಿಂದ ಶುರು ಮಾಡಿದರು. ಐದು ನಿಮಿಷಕ್ಕೆ ಮೊದಲ ಫಿಲ್ಟರಿನ ಬಟ್ಟಲು ಬಿಚ್ಚಿ ಬೆರಳಲ್ಲಿ ಒಂದು ಕಪ್ಪು ರಬ್ಬರ್ ರಿಂಗು ಎತ್ತಿ ಹಿಡಿದರು. ಅದರ ಕೆಳಗೆ ಇನ್ನೊಂದು ರಿಂಗು. "ಇದ್ ಯಾರ್ ಕೈಕೆಲ್ಸ?"

ನನ್ನದು. ಅವರು ಸರ್ವಿಸ್ ಮಾಡಿ ಹೋದ ಮೇಲೆ, ಬೋಟು ಇಳಿಸುವ ಹಿಂದಿನ ದಿನ, ರಜೆಗೆ ಬಂದ ನಾನು "ಫಿಲ್ಟರ್ ಅಷ್ಟೇ ತಾನೇ, ನಾನೇ ಹಾಕುತ್ತೇನೆ" ಅಂತ ಹೊಸ ಫಿಲ್ಟರ್ ಹಾಕಿದ್ದೆ. ಹಳೆಯ ರಿಂಗು ಮೇಲೆ ಅಂಟಿಕೊಂಡೇ ಇತ್ತು, ನಾನು ನೋಡಲಿಲ್ಲ. ಅದರ ಮೇಲೇ ಹೊಸದನ್ನು ಕೂರಿಸಿದ್ದೆ. ಎರಡು ರಿಂಗು ಇದ್ದರೆ ಸರಿಯಾಗಿ ಕೂರುವುದಿಲ್ಲ. ಒಂದು ತೊಟ್ಟು ಡೀಸೆಲ್ ಹೊರಗೆ ಸೋರಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಆದರೆ ಅದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಜಾಗ, ಅಲ್ಲಿ ಪಂಪು ಎಳೆಯುತ್ತಿರುತ್ತೆ. ಎಳೆಯುವ ಕಡೆ ಸಂದಿ ಇದ್ದರೆ ಡೀಸೆಲ್ ಹೊರಗೆ ಬರೋದಿಲ್ಲ, ಗಾಳಿ ಒಳಗೆ ಹೋಗುತ್ತೆ. ನಿಧಾನ ಓಡುವಾಗ ಸ್ವಲ್ಪವೇ ಗಾಳಿ, ಎಂಜಿನ್ ಹೇಗೋ ಸಹಿಸಿಕೊಂಡಿತು. ಎಕ್ಸಲರೇಟರ್ ಕೊಟ್ಟಾಗ ಎಳೆತ ಜಾಸ್ತಿಯಾಯಿತು, ಗಾಳಿಯೂ ಜಾಸ್ತಿಯಾಯಿತು.

ಎಂಜಿನ್ ನಿಂತದ್ದು ನನ್ನ ತಪ್ಪಿನಿಂದ, ಒಪ್ಪಿದೆ. ಆದರೆ ಆಗ ಬ್ಯಾಟರಿ ಗಟ್ಟಿ ಇತ್ತು. ಒಂದು ಸಲ ಹೊಡೆದು, ಲಂಗರು ಹಾಕಿ, ಐದು ನಿಮಿಷ ಏರ್ ತೆಗೆದಿದ್ದರೆ ನಿಧಾನ ಓಡಿಸಿಕೊಂಡು ನಮ್ಮ ಕಾಲ ಮೇಲೆ ನಾವೇ ಜಟ್ಟಿಗೆ ಬರಬಹುದಿತ್ತು. ಏಳು ಜನರನ್ನು ಕಲ್ಲಿನ ಹತ್ತಿರ ಕೊಂಡೊಯ್ದದ್ದು ರಬ್ಬರ್ ರಿಂಗೊಂದೇ ಅಲ್ಲ, ಆ ಹನ್ನೆರಡು ಸಲದ ಸೆಲ್ಫ್ ಕೂಡ. ತಪ್ಪು ಯಾರಿಂದಲೂ ಆಗುತ್ತೆ. ತಪ್ಪಾದ ಮೇಲೆ ಏನು ಮಾಡಬೇಕು ಅನ್ನುವ ಕ್ರಮ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೆಕ್ಯಾನಿಕ್ಕಿಗೆ ಗೊತ್ತಿತ್ತು, ಅವರು ಜಟ್ಟಿಯಲ್ಲಿದ್ದರು.

ನನ್ನ ಸಿಟ್ಟು ಇರೋದು ಇಲ್ಲೇ. ಆ ಕ್ರಮ ಇರಬೇಕಾದ ಪುಸ್ತಕ ಬೋಟಿನಲ್ಲಿತ್ತು. ಎಂಜಿನ್ ಜೊತೆ ಬಂದ ಮ್ಯಾನುಯಲ್, ಪ್ಲಾಸ್ಟಿಕ್ ಕವರಿನಲ್ಲಿ, ಮಾವನ ಲೈಸೆನ್ಸ್ ಕಾಗದಗಳ ಅಡಿಯಲ್ಲಿ. ಇಂಗ್ಲಿಷಿನಲ್ಲಿ. ತಾಂಡೇಲರು ಕನ್ನಡ ಓದುವವರು, ಕಲಾಸಿಗಳಲ್ಲಿ ಇಬ್ಬರು ಒಡಿಶಾದವರು. ನಮ್ಮ ಕಡೆಯ ಬೋಟುಗಳಲ್ಲಿ ಈಗ ಇದು ಸಾಮಾನ್ಯ. ಜೀವ ಉಳಿಸುವ ಎರಡು ಪುಟ ಎಲ್ಲರ ತಲೆದಿಂಬಿನ ಪಕ್ಕದಲ್ಲೇ ಇದ್ದು ಒಬ್ಬರಿಗೂ ಓದಲು ಬಾರದಂತಿತ್ತು. ಓದಬಲ್ಲ ಒಬ್ಬನೇ ಒಬ್ಬ ನಾನು, ನಾನೂ ಓದಿರಲಿಲ್ಲ.

ಕನ್ನಡದಲ್ಲಿ ತಾಂತ್ರಿಕ ಬರಹ ಬೇಕು ಅಂತ ನಾವು ಬ್ಲಾಗಿನವರು ಆಗಾಗ ಚರ್ಚೆ ಮಾಡುತ್ತೇವೆ. ಚರ್ಚೆ ಎಲ್ಲಿ ನಿಲ್ಲುತ್ತೆ ಅಂತ ನಿಮಗೂ ಗೊತ್ತು. ಇಂಜೆಕ್ಟರಿಗೆ ಕನ್ನಡದಲ್ಲಿ ಏನನ್ನಬೇಕು ಅನ್ನೋದರಲ್ಲಿ! ಒಬ್ಬರು ಸಂಸ್ಕೃತದಿಂದ ಒಂದು ಪದ ತರುತ್ತಾರೆ, ಇನ್ನೊಬ್ಬರು ಅಚ್ಚಗನ್ನಡದಲ್ಲಿ ಒಂದು ಕಟ್ಟುತ್ತಾರೆ, ಮೂವತ್ತು ಕಾಮೆಂಟು ಬೀಳುತ್ತೆ, ಲೇಖನ ಮಾತ್ರ ಬರೆದಿರೋದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಜಟ್ಟಿಯ ಮೆಕ್ಯಾನಿಕ್ಕಿನ ಬಾಯಲ್ಲಿ ಈಗಾಗಲೇ ಪದಗಳಿವೆ. ನಾಝಲ್, ಸೆಲ್ಫ್, ಡೈನಮೋ, ಏರ್ ಹಿಡಿದಿದೆ, ಏರ್ ತೆಗಿ. ಇವು ಎಲ್ಲಿಂದ ಬಂದರೂ ಈಗ ನಮ್ಮವೇ. ಕತ್ತಲಲ್ಲಿ, ತೆರೆಯ ಮಧ್ಯೆ, ಹೆದರಿದ ಹುಡುಗನೊಬ್ಬ ಓದಿ ಅರ್ಥ ಮಾಡಿಕೊಳ್ಳಬೇಕಾದ ಕಾಗದದಲ್ಲಿ ಅವನು ದಿನವೂ ಆಡುವ ಪದವೇ ಇರಬೇಕು.

ಇನ್ನೂ ಒಂದು ಹೇಳಿಬಿಡುತ್ತೇನೆ. ಎಂಜಿನ್ ಹಿಡಿಯದಿದ್ದರೆ ಗಾಳಿ ಫಿಲ್ಟರಿಗೆ ಈಥರ್ ಸ್ಪ್ರೇ ಹೊಡೆಯುವ ಚಟ ಕೆಲವರಿಗಿದೆ. ಬತ್ತಿ ಹಚ್ಚಿ ಗಾಳಿ ಎಳೆಯುವ ಕಡೆ ಹಿಡಿಯುವವರೂ ಇದ್ದಾರೆ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಹೊಡೆದರೆ ಅಲ್ಲೇ ಸಿಡಿಯಬಹುದು. ಪ್ಲಗ್ ಇಲ್ಲದಿದ್ದರೂ ಅದು ಪಿಸ್ಟನ್ ಮೇಲೆ ಬರುವ ಮೊದಲೇ ಹೊತ್ತಿ ರಿಂಗು ಮುರಿಯಬಹುದು. ಎಂಜಿನ್ ಕೋಣೆಯಲ್ಲಿ ಬೆಂಕಿಯ ವಿಷಯವಂತೂ ಬೇಡ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಸ್ಪ್ರೇಯಿಂದ ಎಂಜಿನ್ ಹಿಡಿದುಬಿಟ್ಟರೆ ಮೂಲ ದೋಷ ಏನು ಅಂತ ಯಾರೂ ಹುಡುಕುವುದಿಲ್ಲ. ಜಟ್ಟಿಯಲ್ಲಿ ಸ್ಪ್ರೇ ಹೊಡೆದು ಹೊರಟ ಬೋಟು ಹತ್ತು ಮಾರು ಆಳದಲ್ಲಿ ಮತ್ತೆ ನಿಲ್ಲುತ್ತೆ.

ಆಗಸ್ಟಿನ ತೊಂದರೆಗಳಲ್ಲಿ ಬಹಳಷ್ಟು ನಾವು ಜೂನ್ ಜುಲೈಯಲ್ಲಿ ಮಾಡಿಟ್ಟದ್ದು ಅನ್ನೋದೂ ನಿಜ. ಅರ್ಧ ತುಂಬಿದ ಟ್ಯಾಂಕನ್ನು 61 ದಿನ ಮಳೆಯಲ್ಲಿ ಬಿಟ್ಟರೆ ಒಳಗಿನ ತೇವ ಗೋಡೆಗೆ ಬೆವರಿ ಕೆಳಗಿಳಿಯುತ್ತೆ. ನೀರು ಡೀಸೆಲಿಗಿಂತ ಭಾರ, ತಳದಲ್ಲಿ ನಿಲ್ಲುತ್ತೆ. ನೀರೂ ಡೀಸೆಲೂ ಸೇರುವ ಗೆರೆಯಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತೆ, ಕಪ್ಪು ಲೋಳೆಯ ಹಾಗೆ. ಆಗಸ್ಟಿನ ಮೊದಲ ತೆರೆಗೆ ಅದು ಅಲುಗಿ ಎದ್ದು ಫಿಲ್ಟರಿಗೆ ಬಂದು ಕೂರುತ್ತೆ. ಟ್ಯಾಂಕು ತುಂಬಿಸಿಡಬೇಕು, ಬೋಟು ಇಳಿಸುವ ಮೊದಲು ತಳದ ನೀರು ಬಸಿಯಬೇಕು. ಎರಡು ತಿಂಗಳು ದುಡಿಮೆ ಇಲ್ಲದ ಹೊತ್ತಿನಲ್ಲಿ ಟ್ಯಾಂಕು ತುಂಬ ಡೀಸೆಲ್ ಹಾಕಿಡಲು ದುಡ್ಡೆಲ್ಲಿಂದ ಅಂತ ಮಾವ ಕೇಳುತ್ತಾರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ತುಂಬಿಸಲು ಆಗದಿದ್ದರೆ ಬಸಿಯುವುದಾದರೂ ತಪ್ಪಬಾರದು, ಅದಕ್ಕೆ ಖರ್ಚಿಲ್ಲ. ಬ್ಯಾಟರಿಯನ್ನೂ ಮನೆಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಸುಮ್ಮನೆ ಇಟ್ಟ ಬ್ಯಾಟರಿ ತಾನಾಗಿ ಇಳಿಯುತ್ತೆ, ಇಳಿದೇ ಇದ್ದರೆ ಒಳಗಿನ ಪ್ಲೇಟು ಗಟ್ಟಿಯಾಗಿ ಮತ್ತೆ ಸರಿಯಾಗಿ ಚಾರ್ಜ್ ಹಿಡಿಯೋದಿಲ್ಲ.

ಹೀಗೆಲ್ಲ ಹೇಳಿದರೆ ಊರಲ್ಲಿ ಎರಡು ಆಕ್ಷೇಪ ಬರುತ್ತೆ. ಒಂದು, "ಎಲ್ಲರೂ ಮೆಕ್ಯಾನಿಕ್ ಆದರೆ ಮೆಕ್ಯಾನಿಕ್ ಏನು ಮಾಡಬೇಕು?" ಅವರಿಗೆ ಕೆಲಸ ಕಡಿಮೆ ಆಗೋದಿಲ್ಲ ಮಾರಾಯ್ರೆ. ನಮಗೆ ಕಲಿಸಿದವರೇ ಹೇಳುವ ಪ್ರಕಾರ, ಫೋನಿನಲ್ಲಿ "ಸ್ಟಾರ್ಟ್ ಆಗ್ತಾ ಇಲ್ಲ" ಅನ್ನುವುದಕ್ಕೂ "ಜೋರಾಗಿ ತಿರುಗುತ್ತೆ, ಹೊಗೆ ಇಲ್ಲ, ಫಿಲ್ಟರ್ ವರೆಗೆ ಡೀಸೆಲ್ ಬರ್ತಿದೆ" ಅನ್ನುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಎರಡನೆಯದು ಕೇಳಿದರೆ ಅವರು ಬರುವಾಗಲೇ ಬೇಕಾದ ಸಾಮಾನು ಹಿಡಿದು ಬರುತ್ತಾರೆ.

ಇನ್ನೊಂದು, "ಹೊಸ ಎಂಜಿನ್ನುಗಳೆಲ್ಲ ಕಂಪ್ಯೂಟರ್, ಅದರಲ್ಲಿ ನಾವು ಕೈ ಹಾಕುವಂತಿಲ್ಲ." ಇದು ಅರ್ಧ ಸತ್ಯ. ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತೆ, ನಾಝಲ್ ಪೈಪಿಗೆ ಸ್ಪ್ಯಾನರ್ ಹಾಕಲೇಬಾರದು. ಆದರೆ ಅದಕ್ಕೂ ಬ್ಯಾಟರಿ ಬೇಕು, ಇನ್ನೂ ಹೆಚ್ಚು ಬೇಕು, ವೋಲ್ಟ್ ಕಡಿಮೆಯಾದರೆ ಕಂಪ್ಯೂಟರೇ ಎದ್ದೇಳುವುದಿಲ್ಲ. ಅದಕ್ಕೂ ನೀರಿಲ್ಲದ ಡೀಸೆಲ್ ಬೇಕು, ತೆರೆದ ಕಾಕ್ ಬೇಕು. ತಿರುಗುತ್ತಿಲ್ಲವೋ, ನಿಧಾನವೋ, ಜೋರಾಗಿ ತಿರುಗಿಯೂ ಹಿಡಿಯುತ್ತಿಲ್ಲವೋ ಅನ್ನೋ ಪ್ರಶ್ನೆ ಯಾವ ಎಂಜಿನ್ನಿಗೂ ಹಳೆಯದಾಗುವುದಿಲ್ಲ.

ಆ ಮಳೆಗಾಲ ಕಳೆದು ಮುಂದಿನ ವರ್ಷ ನಾವು ಮಾಡಿದ್ದು ಇಷ್ಟು. ಮೆಕ್ಯಾನಿಕ್ ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ಪುಟ ಬರೆದು, ಲ್ಯಾಮಿನೇಟ್ ಮಾಡಿಸಿ, ಎಂಜಿನ್ ಕೋಣೆಯ ಬಾಗಿಲ ಒಳಗೆ ಹೊಡೆದೆವು. ಮೊದಲ ಸಾಲು ದಪ್ಪ ಅಕ್ಷರದಲ್ಲಿ "ಲಂಗರು ಹಾಕಿ." ಎರಡನೆಯದು "ಸೆಲ್ಫ್ ಹೊಡೆಯಬೇಡಿ." ಕನ್ನಡ ಬಾರದ ಕಲಾಸಿಗಳಿಗೆ ಅದೂ ಉಪಯೋಗವಿಲ್ಲವಲ್ಲ ಅಂತ ಆಮೇಲೆ ಹೊಳೆಯಿತು. ಅದಕ್ಕೆ ಟ್ಯಾಂಕಿನ ಕಾಕಿನಿಂದ ನಾಝಲಿನವರೆಗೆ ಕೆಂಪು ಪೇಂಟಿನಲ್ಲಿ 1, 2, 3, 4, 5 ಅಂತ ಬರೆದೆವು. ಅಂಕಿ ಎಲ್ಲರಿಗೂ ಬರುತ್ತೆ. ಏರ್ ತೆಗೆಯುವ ಬೋಲ್ಟಿಗೆ ಬೇಕಾದ ಸ್ಪ್ಯಾನರನ್ನು ಬಲೆಯ ದಾರದಲ್ಲಿ ಅಲ್ಲೇ ಕಟ್ಟಿಟ್ಟೆವು. ಪೇಂಟು, ಲ್ಯಾಮಿನೇಷನ್ ಎಲ್ಲ ಸೇರಿ ಖರ್ಚು ಮುನ್ನೂರು ರೂಪಾಯಿ ದಾಟಲಿಲ್ಲ. ಹಳೆಯ ರಬ್ಬರ್ ರಿಂಗನ್ನು ಭಾವ ಅದೇ ಮೊಳೆಗೆ ನೇತುಹಾಕಿದ್ದಾನೆ. ನಾನು ಊರಿಗೆ ಹೋದಾಗಲೆಲ್ಲ ಅದನ್ನು ಒಮ್ಮೆ ಬೆರಳಲ್ಲಿ ತಿರುಗಿಸಿ ತೋರಿಸುತ್ತಾನೆ :(

ಎರಡು ವರ್ಷದ ಹಿಂದೆ ಮತ್ತೊಮ್ಮೆ ಎಂಜಿನ್ ನಿಂತಿತಂತೆ. ಈ ಸಲ ಅಳಿವೆಯಲ್ಲಿ ಅಲ್ಲ, ಹೊರಗೆ, ರಾತ್ರಿ. ಫಿಲ್ಟರಿನಲ್ಲಿ ಕೊಳೆ. ಒಡಿಶಾದ ಹುಡುಗನೇ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಂದರಿಂದ ಶುರು ಮಾಡಿ ಮೂರಕ್ಕೆ ಬರುವಷ್ಟರಲ್ಲಿ ಸರಿ ಮಾಡಿದ ಅಂತ ಮಾವ ಫೋನಿನಲ್ಲಿ ಹೇಳಿದರು. "ಎಷ್ಟು ಸಲ ಸೆಲ್ಫ್ ಹೊಡೆದ್ರಿ?" ಅಂತ ಕೇಳಿದೆ. "ಎರಡೇ. ನಿಂತಾಗ ಒಂದ್, ಸರಿ ಆದ್ಮೇಲೆ ಒಂದ್."

ಇಲ್ಲಿ ಓದುವವರಲ್ಲಿ ಕರಾವಳಿಯವರು ಎಷ್ಟೋ ಜನ ಇದ್ದೀರಿ. ಬೋಟಿಲ್ಲದಿದ್ದರೂ ತೋಟದಲ್ಲಿ ಡೀಸೆಲ್ ಪಂಪೋ ಟಿಲ್ಲರೋ ಇರುವವರಿದ್ದೀರಿ. ರಜೆಗೆ ಊರಿಗೆ ಹೋದಾಗ ಆ ಇಂಗ್ಲಿಷ್ ಮ್ಯಾನುಯಲ್ ಹುಡುಕಿ ತೆಗೆಯಿರಿ, ನಿಮ್ಮೂರ ಮೆಕ್ಯಾನಿಕ್ ಪಕ್ಕ ಒಂದು ಗಂಟೆ ಕೂತು ಅವರ ಮಾತಿನಲ್ಲೇ ಒಂದು ಪುಟ ಬರೆದು ಅಂಟಿಸಿ ಬನ್ನಿ. ಪದಗಳ ಬಗ್ಗೆ ಆಮೇಲೆ ಜಗಳ ಆಡೋಣ. ಫಿಲ್ಟರ್ ಮಾತ್ರ ನೀವೇ ಹಾಕಲು ಹೋಗಬೇಡಿ. ಹಾಕಿದರೂ ಹಳೆಯ ರಿಂಗು ಕೈಗೆ ಬಂತಾ ಅಂತ ನೋಡಿ.